ಸೇವಾ ಕ್ಲಬ್ಬಿನವರು ಊರಿಗೆ ಬಂದಾಗ ಏನು ಕೇಳಬೇಕು?

ಜುಲೈ ತಿಂಗಳು ಬಂತೆಂದರೆ ನಮ್ಮ ಶಿಬಿರ ಕಚೇರಿಗೆ ಫೋನುಗಳು ಶುರುವಾಗುತ್ತವೆ. "ಡಾಕ್ಟ್ರೇ, ಈ ವರ್ಷ ನಮ್ಮ ಕ್ಲಬ್ಬಿಂದ ಒಂದು ಜಾನುವಾರು ಶಿಬಿರ ಮಾಡೋಣ ಅಂತಿದ್ದೀವಿ, ಯಾವ ಊರು ಆಗಬಹುದು ಹೇಳಿ." ರೋಟರಿಯಾಗಲಿ ಲಯನ್ಸ್ ಆಗಲಿ, ಈ ಕ್ಲಬ್ಬುಗಳ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಹೊಸ ಅಧ್ಯಕ್ಷರು, ಹೊಸ ಕಾರ್ಯದರ್ಶಿ, ಹೊಸ ಹುರುಪು. ಸದಸ್ಯರು ಯಾರೆಂದು ನೋಡಿದರೆ ತಾಲ್ಲೂಕು ಕೇಂದ್ರದ ಔಷಧಿ ಅಂಗಡಿಯವರು, ವಕೀಲರು, ಮೇಷ್ಟ್ರು, ಸಿಮೆಂಟು ಅಂಗಡಿಯವರು, ನಿವೃತ್ತ ಬ್ಯಾಂಕ್ ಮ್ಯಾನೇಜರು. ಕೈಯಿಂದ ದುಡ್ಡು ಹಾಕಿ, ಭಾನುವಾರದ ರಜೆ ಬಿಟ್ಟು ಬರುವ ಜನ. ಅವರ ಮನಸ್ಸಿನ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ನನ್ನ ತಕರಾರು ಇರುವುದು ಕೆಲಸದ ರೀತಿಯ ಬಗ್ಗೆ. ಡೇರಿ ಮುಂದೆ ಶಾಮಿಯಾನ, ಬ್ಯಾನರ್, ಹತ್ತು ಗಂಟೆಗೆ ಉದ್ಘಾಟನೆ. ಹನ್ನೊಂದಕ್ಕೆ ರಾಸುಗಳ ಸಾಲು. ಜಂತುನಾಶಕ ಮಾತ್ರೆ, ಒಂದು ಕೆ.ಜಿ. ಖನಿಜ ಮಿಶ್ರಣದ ಪೊಟ್ಟಣ, ಫೋಟೋ, ಊಟ. ಎರಡು ಗಂಟೆಗೆ ಶಾಮಿಯಾನ ಬಿಚ್ಚಿ ಟೆಂಪೋಗೆ ಹಾಕುತ್ತಾರೆ. ಮುಂದಿನ ವರ್ಷ ಬೇರೆ ಅಧ್ಯಕ್ಷರು ಬರುತ್ತಾರೆ, ಬೇರೆ ಊರು, ಬೇರೆ ಯೋಜನೆ.

ಬರಡು ರಾಸು ಶಿಬಿರವನ್ನೇ ನೋಡಿ. ಕರು ಹಾಕಿ ಏಳೆಂಟು ತಿಂಗಳಾದರೂ ಬೆದೆಗೆ ಬಾರದ ಹಸುವನ್ನು ಎರಡು ಮೈಲಿ ನಡೆಸಿಕೊಂಡು ಬರುತ್ತೀರಿ. ನಾನು ಕೈ ಹಾಕಿ ನೋಡುತ್ತೇನೆ, ಗರ್ಭಕೋಶ ಚೆನ್ನಾಗಿದೆ, ಅಂಡಾಶಯ ಮಾತ್ರ ಸುಮ್ಮನಿದೆ. ಅದಕ್ಕೆ ಬೇಕಾದ್ದು ಒಂದು ದಿನದ ಮದ್ದಲ್ಲ. ಜಂತು ಕಳೆಯಬೇಕು, ಕೆಲವು ವಾರ ದಿನವೂ ಖನಿಜ ಮಿಶ್ರಣ ಕೊಡಬೇಕು, ಮೇವು ಸರಿಪಡಿಸಬೇಕು. ಬೆದೆ ಚಕ್ರ 21 ದಿನದ್ದು. ಹಾಗಾಗಿ ಮೂರು ವಾರ ಬಿಟ್ಟು ಅದೇ ಹಸುವನ್ನು ಮತ್ತೆ ನೋಡಲೇಬೇಕು. ಬೆದೆಗೆ ಬಂದು ಇಂಜೆಕ್ಷನ್ ಕೊಡಿಸಿದರೆ ಮೂರು ತಿಂಗಳೊಳಗೆ ಗಬ್ಬದ ಪರೀಕ್ಷೆ ಆಗಬೇಕು. ಅಂದರೆ ಶಿಬಿರವೆಂಬುದು ಕನಿಷ್ಠ ಮೂರು ಭೇಟಿ. ಮೊದಲನೆಯದಕ್ಕೆ ಮಾತ್ರ ಬ್ಯಾನರ್ ಇರುತ್ತದೆ, ಉಳಿದೆರಡು ಸಾಮಾನ್ಯವಾಗಿ ನಡೆಯುವುದೇ ಇಲ್ಲ.

ಹೀಗೆ ಹೇಳಿದರೆ ಕ್ಲಬ್ಬಿನವರು ಬೇಸರಪಡುವುದಿಲ್ಲ. ಅವರದೇ ಕಣ್ಣಿನ ಶಿಬಿರವನ್ನು ನೆನಪಿಸಿದರೆ ತಕ್ಷಣ ಅರ್ಥವಾಗುತ್ತದೆ. ಹೆಲೆನ್ ಕೆಲರ್ ಅವರು 1925ರಲ್ಲಿ ಅಮೆರಿಕದ ಸಮ್ಮೇಳನವೊಂದರಲ್ಲಿ ಕೇಳಿಕೊಂಡಂದಿನಿಂದ ಲಯನ್ಸ್‌ನವರು ಅಂಧತ್ವ ನಿವಾರಣೆಯನ್ನು ತಮ್ಮ ಕೆಲಸವೆಂದೇ ಹಿಡಿದಿದ್ದಾರೆ. ಕಣ್ಣಿನ ಶಿಬಿರ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ. ಪೊರೆ ಬಂದವರನ್ನು ಗುರುತಿಸಿ, ಬಸ್ಸಿನಲ್ಲಿ ಕರೆದೊಯ್ದು, ಆಪರೇಷನ್ ಮಾಡಿಸಿ, ವಾಪಸ್ ಬಿಟ್ಟು, ಮತ್ತೆ ಕರೆಸಿ ನೋಡಬೇಕು. ಅಜ್ಜಿಯ ಕಣ್ಣಿಗೆ ಇರುವ ಈ ಕ್ರಮ ಹಸುವಿನ ಗರ್ಭಕೋಶಕ್ಕೂ ಬೇಕು, ಅಷ್ಟೆ.

ನೀರಿನ ತೊಟ್ಟಿಯ ಬಗ್ಗೆ ಎರಡು ಮಾತು. ಕ್ಲಬ್ಬಿನ ಹೆಸರು ಬರೆದ ಸಿಮೆಂಟು ತೊಟ್ಟಿಗಳು ಎಷ್ಟೋ ಊರಲ್ಲಿವೆ. ಒಳ್ಳೆಯದೇ, ಬೇಸಿಗೆಯಲ್ಲಿ ಹಾಲಿಗೆ ಮೊದಲು ಬೇಕಾದ್ದು ನೀರು. ಆದರೆ ವಾರಕ್ಕೊಮ್ಮೆ ಉಜ್ಜಿ, ಸುಣ್ಣ ಬಳಿಯುವವರು ಯಾರೆಂದು ಗೊತ್ತಾಗದಿದ್ದರೆ ಅದು ಆರು ತಿಂಗಳಲ್ಲಿ ಪಾಚಿಯ ತೊಟ್ಟಿ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಬೇರೊಂದು ವಿಷಯಕ್ಕೆ. ಈ ವರ್ಷ ನಿಮ್ಮ ಊರಿಗೆ ಯಾವುದೇ ಕ್ಲಬ್ಬಿನವರು, ಯುವಕ ಸಂಘದವರು, ಕಾಲೇಜಿನ ಎನ್‌ಎಸ್‌ಎಸ್ ಹುಡುಗರು ಬಂದು "ಏನು ಮಾಡಿಕೊಡಲಿ" ಎಂದು ಕೇಳಿದರೆ, ಹಸುಗಳ ಶಿಬಿರ ಕೇಳಬೇಡಿ. ಊರಿನ ನಾಯಿಗಳಿಗೆಲ್ಲ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿಕೊಡಿ ಎಂದು ಕೇಳಿ. ಒಂದು ವರ್ಷಕ್ಕಲ್ಲ, ಪ್ರತಿ ವರ್ಷವೂ.

ಹಾಲಿನ ಪತ್ರಿಕೆಯಲ್ಲಿ ನಾಯಿಯ ಮಾತೇಕೆ ಎನ್ನಬಹುದು. ನಮ್ಮ ಮಾರ್ಗದ ಒಂದು ಊರಿನಲ್ಲಿ ನಡೆದದ್ದು ಹೇಳುತ್ತೇನೆ, ಊರಿನ ಹೆಸರು ಬೇಡ. ಕರು ಹಾಕಿ ಮೂರು ತಿಂಗಳಾದ ಎಚ್ಚೆಫ್ ಮಿಶ್ರತಳಿ ಹಸು. ಒಂದು ಬೆಳಗ್ಗೆ ಮೇವು ಬಿಟ್ಟಿತು. ಬಕೆಟ್ಟಿಗೆ ಬಾಯಿ ಹಾಕುತ್ತದೆ, ನೀರು ಒಳಗೆ ಹೋಗುವುದಿಲ್ಲ. ಜೊಲ್ಲು ಸುರಿಯುತ್ತಿದೆ. ಗಂಟಲಿಗೆ ಏನೋ ಸಿಕ್ಕಿಕೊಂಡಿದೆ ಎಂದು ಮನೆಯ ಯಜಮಾನರು ಬಾಯಿಗೆ ಕೈ ಹಾಕಿ ತಡಕಿದರು. ಅನುಭವಸ್ಥರೆಂದು ಪಕ್ಕದ ಮನೆಯವರೂ ಹಾಕಿದರು. ಎಣ್ಣೆ ಕುಡಿಸಿ ನೋಡಿದರು. ಮರುದಿನ ಹಸು ಒಡಕು ದನಿಯಲ್ಲಿ ಬಿಟ್ಟುಬಿಡದೆ ಕೂಗಲು ಶುರುಮಾಡಿತು, ಮುಕ್ಕರಿಯುತ್ತಿತ್ತು, ಹಿಂಗಾಲು ಎಳೆಯುತ್ತಿತ್ತು. ನಾಲ್ಕನೇ ದಿನ ಸತ್ತಿತು. ಮಾದರಿಯನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಕಳಿಸಿದೆವು. ರೇಬೀಸ್ ಎಂದೇ ವರದಿ ಬಂತು.

ಆಮೇಲೆ ಕೇಳಿದಾಗ ನೆನಪಾಯಿತು, ಸುಮಾರು ಎರಡು ತಿಂಗಳ ಹಿಂದೆ ಒಂದು ಬೀದಿನಾಯಿ ಕೊಟ್ಟಿಗೆಗೆ ನುಗ್ಗಿತ್ತಂತೆ. ಹಸುವಿನ ಮೂತಿಯ ಮೇಲೆ ಒಂದು ಸಣ್ಣ ಗಾಯ, ಅರಿಶಿನ ಹಚ್ಚಿ ಮರೆತಿದ್ದರು.

ಹಸು ಹೋದ ನಷ್ಟ ಒಂದು ಕಡೆ. ಅದಕ್ಕಿಂತ ದೊಡ್ಡದು, ಅಂದು ಸಂಜೆ ಡೇರಿ ಕಟ್ಟೆಯ ಮೇಲೆ ಕೂತು ಬರೆದ ಪಟ್ಟಿ. ಬಾಯಿಗೆ ಕೈ ಹಾಕಿದವರು, ಜೊಲ್ಲು ಒರೆಸಿದವರು, ಹಸಿ ಹಾಲು ಕುಡಿದವರು, ಹಗ್ಗ ಹಿಡಿದಿದ್ದ ಶಾಲೆಯ ಹುಡುಗ. ಎಲ್ಲರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿದೆವು. ಅಲ್ಲಿನ ವೈದ್ಯರು ಒಬ್ಬೊಬ್ಬರನ್ನೂ ವಿಚಾರಿಸಿ, ಯಾರಿಗೆ ಲಸಿಕೆ ಬೇಕೆಂದು ತೀರ್ಮಾನಿಸಿದರು. ಎಲ್ಲರೂ ಕ್ಷೇಮವಾಗಿದ್ದಾರೆ. ಆದರೆ ಆ ಮನೆಯ ತಾಯಿ ಮಗನ ಮುಖವನ್ನೇ ನೋಡುತ್ತಾ ಕಳೆದ ಆ ತಿಂಗಳುಗಳನ್ನು ಯಾವ ವಿಮೆಯೂ ತುಂಬಿಕೊಡುವುದಿಲ್ಲ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ, ದನವಾಗಲಿ ಮನುಷ್ಯನಾಗಲಿ, ಬದುಕಿಸುವ ಮದ್ದು ಇಲ್ಲ. ಲಕ್ಷಣ ಬರುವ ಮುಂಚೆಯಾದರೆ ಲಸಿಕೆ ಕೈಬಿಡುವುದಿಲ್ಲ.

ಆದ್ದರಿಂದ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಜೊಲ್ಲು ಸುರಿಸುತ್ತಾ ನೀರು ನುಂಗಲಾರದೆ ಇರುವ ಹಸುವಿನ ಬಾಯಿಗೆ ಬರಿಗೈ ಹಾಕಬೇಡಿ. ಕಾಲುಬಾಯಿ ಜ್ವರವೂ ಇರಬಹುದು, ನಿಜವಾಗಿಯೂ ಏನೋ ಸಿಕ್ಕಿರಬಹುದು, ರೇಬೀಸೂ ಇರಬಹುದು. ನಾವು ಬರುವವರೆಗೆ ದೂರ ಕಟ್ಟಿ, ಮಕ್ಕಳನ್ನು ಆಚೆ ಕಳಿಸಿ. ಆ ಹಾಲನ್ನು ಡೇರಿಗೂ ಹಾಕಬೇಡಿ, ಮನೆಗೂ ಬಳಸಬೇಡಿ. ಕುದಿಸಿದ ಹಾಲಿನಲ್ಲಿ, ಪಾಶ್ಚರೀಕರಿಸಿದ ಹಾಲಿನಲ್ಲಿ ಈ ವೈರಾಣು ಉಳಿಯುವುದಿಲ್ಲ. ಆದ್ದರಿಂದ ಊರಿನವರು ಡೇರಿ ಹಾಲಿಗೆ ಹೆದರಬೇಕಾಗಿಲ್ಲ. ಹಸಿ ಹಾಲು ಕುಡಿದವರು ಮಾತ್ರ ವೈದ್ಯರನ್ನು ಕೇಳಬೇಕು.

ನಾಯಿ ಕಚ್ಚಿದ್ದು ಕಣ್ಣಿಗೆ ಬಿದ್ದರೆ, ದನವಾದರೂ ಜನವಾದರೂ ಮೊದಲ ಕೆಲಸ ಒಂದೇ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಅರಿಶಿನ, ಕಾಫಿಪುಡಿ ಯಾವುದೂ ಬೇಡ. ದನಕ್ಕೆ ಕಚ್ಚಿದ ದಿನವನ್ನು 0 ಎಂದಿಟ್ಟುಕೊಂಡು 0, 3, 7, 14, 28ನೇ ದಿನ ಲಸಿಕೆ ಹಾಕಿಸುತ್ತೇವೆ. ಎರಡು ಹಾಕಿಸಿ ಹಸು ಚೆನ್ನಾಗಿದೆ ಎಂದು ನಿಲ್ಲಿಸುವವರೇ ಹೆಚ್ಚು, ಹಾಗೆ ಮಾಡಬೇಡಿ. ಮನುಷ್ಯರಿಗೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಭಯ ಈಗಲೂ ಹಳ್ಳಿಗಳಲ್ಲಿದೆ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2004–05ರ ಹೊತ್ತಿಗೇ ನಿಂತುಹೋಗಿದೆ. ಈಗಿನದನ್ನು ತೋಳಿಗೆ ಹಾಕುತ್ತಾರೆ.

ಈ ಓಡಾಟವೆಲ್ಲ ಕಚ್ಚಿದ ಮೇಲಿನದು. ಬೇರು ಇರುವುದು ನಾಯಿಯಲ್ಲಿ. ಊರಿನ ನಾಯಿಗಳಲ್ಲಿ ಶೇ 70ಕ್ಕೆ ಲಸಿಕೆ ಬಿದ್ದಿದ್ದರೆ ರೋಗ ಒಂದರಿಂದ ಒಂದಕ್ಕೆ ಹರಡಲು ದಾರಿ ಸಿಗದೆ ನಿಲ್ಲುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿರುವ ಲೆಕ್ಕ. ನೂರು ನಾಯಿ ಇರುವ ಊರಲ್ಲಿ ಎಪ್ಪತ್ತು. ಆದರೆ ಹಳ್ಳಿಯ ನಾಯಿಯ ಆಯಸ್ಸು ಕಡಿಮೆ. ರಸ್ತೆಯಲ್ಲಿ ಕೆಲವು ಹೋಗುತ್ತವೆ, ಮರಿಗಳು ಹುಟ್ಟುತ್ತವೆ, ವರ್ಷ ತುಂಬುವುದರೊಳಗೆ ಆ ಎಪ್ಪತ್ತು ಎಷ್ಟೋ ಕೆಳಗಿಳಿದಿರುತ್ತದೆ. ಅದಕ್ಕೇ ಪ್ರತಿ ವರ್ಷ ಎಂದು ಒತ್ತಿ ಹೇಳಿದ್ದು. ಒಂದು ವರ್ಷ ಹಾಕಿ ಎರಡು ವರ್ಷ ಬಿಟ್ಟರೆ ಮತ್ತೆ ಮೊದಲಿನಿಂದ ಶುರು.

ಆಗುವ ಕೆಲಸವೇ ಇದು ಎಂದು ಕೇಳುವವರಿಗೆ ನಮ್ಮ ಪಕ್ಕದ ಗೋವಾ ಇದೆ. ಅಲ್ಲಿ 2013ರಲ್ಲಿ 'ಮಿಷನ್ ರೇಬೀಸ್' ಎಂಬ ಸ್ವಯಂಸೇವಾ ಸಂಸ್ಥೆ ನಾಯಿಗಳ ಲಸಿಕೆ ಆರಂಭಿಸಿತು, ಮುಂದೆ ರಾಜ್ಯ ಸರ್ಕಾರವೂ ಕೈಜೋಡಿಸಿತು. ಬಲೆ ಹಿಡಿದು ಬೀದಿ ಬೀದಿ ತಿರುಗಿ, ವರ್ಷಕ್ಕೆ ಸುಮಾರು 95 ಸಾವಿರ ನಾಯಿಗಳಿಗೆ ಲಸಿಕೆ ಹಾಕುವ ಮಟ್ಟಕ್ಕೆ ಬಂದರು. ನಾಯಿಗಳಲ್ಲಿ ಕಾಣುವ ರೇಬೀಸ್ ಪ್ರಕರಣ ಶೇ 92ರಷ್ಟು ಇಳಿಯಿತು. 2018ಕ್ಕೆ ಬರುವ ಹೊತ್ತಿಗೆ ಮನುಷ್ಯರ ಸಾವು ನಿಂತಿತ್ತು. ನಮ್ಮ ದೇಶವೂ 2030ರೊಳಗೆ ನಾಯಿಯಿಂದ ಬರುವ ರೇಬೀಸ್ ತೊಲಗಿಸಬೇಕೆಂದು 2021ರಲ್ಲಿ ರಾಷ್ಟ್ರೀಯ ಕಾರ್ಯಯೋಜನೆ ಮಾಡಿಕೊಂಡಿದೆ. ಯೋಜನೆ ದೆಹಲಿಯದಾದರೂ ನಾಯಿ ಇರುವುದು ನಮ್ಮ ಬೀದಿಯಲ್ಲಿ.

ಕ್ಲಬ್ಬುಗಳಿಗೂ ಈ ಬಗೆಯ ಕೆಲಸ ಹೊಸದಲ್ಲ. ಪೋಲಿಯೊ ನೆನಪಿಸಿಕೊಳ್ಳಿ. ರೋಟರಿಯವರು 1985ರಲ್ಲಿ ಪೋಲಿಯೊ ವಿರುದ್ಧದ ಕೆಲಸವನ್ನು ಜಗತ್ತಿನಾದ್ಯಂತ ಹೊತ್ತುಕೊಂಡರು. ನಮ್ಮಲ್ಲಿ ಪಲ್ಸ್ ಪೋಲಿಯೊ 1995ರಲ್ಲಿ ಆರಂಭವಾಯಿತು. ಭಾನುವಾರ ಬೂತ್, ಸೋಮವಾರದಿಂದ ಮನೆ ಮನೆ. ಮಗುವಿನ ಕಿರುಬೆರಳಿಗೆ ಶಾಯಿ, ಮನೆಯ ಗೋಡೆಗೆ ಸೀಮೆಸುಣ್ಣದ ಗುರುತು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡದ್ದೇ ಕೊನೆಯ ಪ್ರಕರಣ, 2014ರ ಮಾರ್ಚ್ 27ಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಬಂತು. ಆ ಗೆಲುವಿನಲ್ಲಿ ಸರ್ಕಾರದ ಪಾಲು, ಆಶಾ ಮತ್ತು ಅಂಗನವಾಡಿ ಹೆಣ್ಣುಮಕ್ಕಳ ಪಾಲು ದೊಡ್ಡದು. ಕ್ಲಬ್ಬಿನವರು ಮಾಡಿದ್ದು ಪ್ರಚಾರ, ಬೂತಿನ ನೆರಳು, ಊಟ, ವಾಹನ, ತಪ್ಪಿಹೋದ ಮನೆ ಹುಡುಕುವುದು. ನಾಯಿಯ ಲಸಿಕೆಗೂ ಬೇಕಾಗಿರುವುದು ಇದೇ. ಇಂಜೆಕ್ಷನ್ ಹಾಕಲು ನಾವಿದ್ದೇವೆ, ಇಲಾಖೆಯ ಪಶು ಆಸ್ಪತ್ರೆಯವರಿದ್ದಾರೆ.

ನಮ್ಮ ತಾಲ್ಲೂಕಿನ ಒಂದು ಕ್ಲಬ್ಬಿನವರು ಒಂದೇ ಊರನ್ನು ಹಿಡಿದು ಮೂರು ವರ್ಷದಿಂದ ಇದನ್ನು ಮಾಡುತ್ತಿದ್ದಾರೆ. ಮೊದಲ ವರ್ಷ ಹತ್ತು ಗಂಟೆಗೆ ಶಾಲೆ ಮುಂದೆ ಟೇಬಲ್ ಹಾಕಿ ಕೂತೆವು. ಸರಪಳಿ ಹಾಕಿದ ಸಾಕುನಾಯಿಗಳು ಮಾತ್ರ ಬಂದವು, ಅರ್ಧ ದಿನ ಸುಮ್ಮನೆ ಕೂರುವುದಾಯಿತು. ಎರಡನೇ ವರ್ಷ ಟೇಬಲ್ಲನ್ನು ಡೇರಿ ಮುಂದೆ, ಬೆಳಗಿನ ಹಾಲು ಹಾಕುವ ಹೊತ್ತಿಗೆ ತಂದೆವು. ಹಾಲಿನ ಕ್ಯಾನಿನ ಹಿಂದೆ ನಾಯಿ ತಾನಾಗೇ ಬರುತ್ತದೆ, ಅದನ್ನು ಯಾರೂ ಕರೆಯಬೇಕಾಗಿಲ್ಲ. ಹಿಂದಿನ ಸಂಜೆ ತಮಟೆ ಸಾರಿಸಿ ಆಟೋದಲ್ಲಿ ಮೈಕು ಕಟ್ಟಿಸಿದ್ದರು. ಲಸಿಕೆ ಬಿದ್ದ ನಾಯಿಯ ಬೆನ್ನಿಗೆ ಬಣ್ಣದ ಗುರುತು. ಮಧ್ಯಾಹ್ನ ಗುರುತಿಲ್ಲದವನ್ನು ಹುಡುಕುತ್ತಾ ಬೀದಿಗಿಳಿದೆವು.

ಆಗಲೂ ತಪ್ಪಿದ್ದು ತೋಟದ ಮನೆಯ ನಾಯಿಗಳು. ಊರಿಂದ ದೂರ, ಕೊಟ್ಟಿಗೆಯ ಪಕ್ಕದಲ್ಲೇ ಇರುವಂಥವು. ನರಿ, ಮುಂಗುಸಿಗಳನ್ನು ಎದುರಿಸುವುದು ಅವೇ, ದನದ ಜೊತೆ ಮಲಗುವುದೂ ಅವೇ. ಮೂರನೇ ವರ್ಷ ಎರಡನೇ ದಿನವನ್ನು ಪೂರ್ತಿ ತೋಟದ ಮನೆಗಳಿಗೇ ಇಟ್ಟರು. ಸಿಮೆಂಟು ಅಂಗಡಿಯ ಸದಸ್ಯರೊಬ್ಬರು ತಮ್ಮ ಗೂಡ್ಸ್ ಆಟೋ ಬಿಟ್ಟುಕೊಟ್ಟರು. ಉದ್ಘಾಟನೆ ಇರಲಿಲ್ಲ, ಫೋಟೋದಲ್ಲಿ ಕೆಸರು ಮೆತ್ತಿದ ಪ್ಯಾಂಟುಗಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಾನು ನೋಡಿದ ಕ್ಲಬ್ಬು ಕೆಲಸಗಳಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಅದೇ.

ಕೆಲವು ಎಚ್ಚರಿಕೆಗಳು ಇವೆ. ನಾಯಿಯನ್ನು ಅದರ ಯಜಮಾನರೇ ಹಿಡಿಯಬೇಕು, ಮಕ್ಕಳ ಕೈಗೆ ಹಗ್ಗ ಕೊಡಬಾರದು. ಬೀದಿನಾಯಿ ಹಿಡಿಯುವುದು ತರಬೇತಿ ಇದ್ದವರ ಕೆಲಸ, ಹಿಡಿಯುವವರು ತಾವು ಮೊದಲೇ ಲಸಿಕೆ ಹಾಕಿಸಿಕೊಂಡಿರಬೇಕು. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ನೇರ ಮಂಜುಗಡ್ಡೆಗೆ ತಾಗಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಹತ್ತು ನಾಯಿಗೆ ಆಗುವ ಸೀಸೆ ತೆರೆದರೆ ಅಂದೇ ಮುಗಿಸಬೇಕು, ಅದಕ್ಕೇ ನಾಯಿಗಳ ಅಂದಾಜು ಮೊದಲೇ ಬೇಕು.

"ಇಷ್ಟು ತಾಪತ್ರಯ ಯಾಕೆ ಸಾರ್, ನಾಯಿಗಳನ್ನೇ ಇಲ್ಲವಾಗಿಸಿದರೆ ಆಯಿತಲ್ಲ" ಎನ್ನುವವರು ಪ್ರತಿ ಊರಲ್ಲಿ ಒಬ್ಬರು ಸಿಗುತ್ತಾರೆ. ಅದು ಕಾನೂನಿಗೆ ವಿರುದ್ಧ, ಮಾತ್ರವಲ್ಲ ಲೆಕ್ಕಕ್ಕೂ ವಿರುದ್ಧ. ಲಸಿಕೆ ಬಿದ್ದ ನಾಯಿ ಹೋದ ಜಾಗಕ್ಕೆ ಪಕ್ಕದೂರಿಂದ ಲಸಿಕೆ ಇಲ್ಲದ್ದು ಬಂದು ಸೇರಿಕೊಳ್ಳುತ್ತದೆ. ಪರಿಚಯದ ನಾಯಿ ಬೀದಿ ಕಾಯುತ್ತಿರುವುದೇ ನಿಮಗೆ ಕ್ಷೇಮ.

ಕ್ಲಬ್ಬಿನ ಅಧ್ಯಕ್ಷರು ಪ್ರತಿ ಜುಲೈಗೆ ಬದಲಾಗುತ್ತಾರೆ ಎಂದು ಮೊದಲೇ ಹೇಳಿದೆ. ಅದು ಅವರ ನಿಯಮ, ಬದಲಾಯಿಸಲು ನಮ್ಮಿಂದಾಗದು. ಬದಲಾಗದೆ ಇರುವುದು ಡೇರಿ. ದಿನಕ್ಕೆರಡು ಸಲ ಬಾಗಿಲು ತೆರೆಯುತ್ತದೆ, ಊರಿನ ಬಹುಪಾಲು ಮನೆಯವರು ಅಲ್ಲಿಗೆ ಬರುತ್ತಾರೆ, ಯಾರ ಮನೆಯಲ್ಲಿ ಎಷ್ಟು ರಾಸು ಎಂಬುದು ಕಾರ್ಯದರ್ಶಿಗೆ ಬಾಯಿಪಾಠ. ಆದ್ದರಿಂದ ನಾಯಿಗಳ ಪುಸ್ತಕ ಇರಬೇಕಾದದ್ದು ಕ್ಲಬ್ಬಿನ ಫೈಲಿನಲ್ಲಿ ಅಲ್ಲ, ಸಂಘದ ಬೀರುವಿನಲ್ಲಿ. ಒಂದು ಉದ್ದ ನೋಟ್‌ಬುಕ್ ಸಾಕು. ಮನೆಯವರ ಹೆಸರು, ನಾಯಿ ಗಂಡೋ ಹೆಣ್ಣೋ, ಬಣ್ಣ, ಊರೊಳಗೋ ತೋಟದ ಮನೆಯೋ, ಲಸಿಕೆ ಹಾಕಿದ ತಾರೀಖು. ಯಾರೂ ಸಾಕದ ಬೀದಿನಾಯಿಗಳಿಗೆ ಬೀದಿಯ ಹೆಸರಿನಲ್ಲಿ ಒಂದು ಪುಟ. ನಾನು ಹೇಳಿದ ಊರಿನಲ್ಲಿ ಈ ಪಟ್ಟಿ ಬರೆದವರು ಪ್ರೌಢಶಾಲೆಯ ಹೆಣ್ಣುಮಕ್ಕಳು. ಅವರಿಗೆ ಪ್ರತಿ ನಾಯಿಯ ಹೆಸರೂ ಗೊತ್ತು. ಒಂದೇ ಬೀದಿಯಲ್ಲಿ ಮೂರು ರಾಜ, ಎರಡು ಕರಿಯ, ಒಂದು ಟಾಮಿ. ಮೂರನೇ ರಾಜ ಹೆಣ್ಣು ನಾಯಿ ಎಂಬುದು ಲಸಿಕೆಯ ದಿನ ಗೊತ್ತಾಯಿತು.

ಈ ಪುಸ್ತಕ ಕೈಯಲ್ಲಿದ್ದರೆ ಹೊಸ ಅಧ್ಯಕ್ಷರು ಬಂದಾಗ ಅದನ್ನೇ ಮುಂದಿಡಿ. ಹೋದ ವರ್ಷ ಇಷ್ಟಾಗಿದೆ, ಇಷ್ಟು ಉಳಿದಿವೆ, ಈ ಸಲ ನಿಮ್ಮ ಪಾಲು ಎಂದು ಹೇಳಿ. ಅರ್ಧ ಮುಗಿದ ಕೆಲಸ ಕಣ್ಣೆದುರು ಇದ್ದರೆ ಬೇರೆ ಊರಿಗೆ ಹೋಗಲು ಅವರಿಗೂ ಮನಸ್ಸು ಬರುವುದಿಲ್ಲ. ಬ್ಯಾನರ್ ಬೇಕೆಂದರೆ ಕಟ್ಟಲಿ ಬಿಡಿ, ಅದರಲ್ಲಿ ತಪ್ಪೇನೂ ಇಲ್ಲ.

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ ತೀರಿಕೊಂಡ ದಿನ. ಸಾಮಾನ್ಯವಾಗಿ ಆ ಆಸುಪಾಸಿನಲ್ಲೇ ಇಲಾಖೆಯ ಆಸ್ಪತ್ರೆಗಳಲ್ಲಿ ನಾಯಿಗಳ ಲಸಿಕಾ ಕಾರ್ಯಕ್ರಮ ನಡೆಯುತ್ತದೆ. ಅದಕ್ಕೆ ಸೇರಿಕೊಂಡರೆ ಲಸಿಕೆ ಹೊಂದಿಸುವುದೂ ಸುಲಭ. ಆಗಸ್ಟ್ ತಿಂಗಳೊಳಗೆ ಸಂಘದಲ್ಲಿ ನಾಯಿಗಳ ಪಟ್ಟಿ ಬರೆದಿಡಿ. ಗ್ರಾಮ ಪಂಚಾಯಿತಿಗೂ ಹತ್ತಿರದ ಪಶು ಆಸ್ಪತ್ರೆಗೂ ಒಂದೊಂದು ಪ್ರತಿ ಕೊಡಿ, ಒಂದು ಪ್ರತಿಯನ್ನು ನಿಮ್ಮ ವಿಸ್ತರಣಾಧಿಕಾರಿಯ ಕೈಲಿ ಶಿಬಿರ ಕಚೇರಿಗೆ ಕಳಿಸಿ. ಯಾವ ಕ್ಲಬ್ಬು ಯಾವ ಊರಿಗೆ ಎಂಬುದನ್ನು ಆಮೇಲೆ ಕೂತು ಹೊಂದಿಸೋಣ. ತೋಟದ ಮನೆಗಳನ್ನು ಮಾತ್ರ ಪಟ್ಟಿಯಿಂದ ಬಿಡಬೇಡಿ.